ಕೊಡುವುದಿಲ್ಲ ಎಂದ ಕಚೇರಿಗಳಿಂದಲೇ ಕಡತ ಪಡೆದ ಬಗೆ: ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿ ನನ್ನ ಅನುಭವ

ಆಡಳಿತ ಕಚೇರಿಗಳ ಹಳೆಯ ಕಡತಗಳನ್ನು ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ತರಿಸಿಕೊಳ್ಳುವುದು ಆಗದ ಮಾತೆಂದು ನನಗೆ ಹೇಳಿದವರಲ್ಲಿ ನಮ್ಮದೇ ವೃತ್ತಿಯ ಹಿರಿಯರೂ ಇದ್ದರು. ಗ್ರಂಥಾಲಯದವರು ಪುಸ್ತಕ ನೋಡಿಕೊಂಡರೆ ಸಾಕು, ಕಡತಕ್ಕೆ ಕೈ ಹಾಕಿದರೆ ಆಡಿಟ್‌ನವರಿಗೂ ನ್ಯಾಯಾಲಯಕ್ಕೂ ಉತ್ತರ ಕೊಡುತ್ತಾ ನಿವೃತ್ತರಾಗಬೇಕಾಗುತ್ತದೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಇಂದು ನಮ್ಮಲ್ಲಿ ಸುಮಾರು 12,000 ಕಡತಗಳು, ಸಿಂಡಿಕೇಟ್ ಹಾಗೂ ವಿದ್ಯಾವಿಷಯಕ ಪರಿಷತ್ತಿನ ನಡವಳಿಗಳು, 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಕಾಲದ ಸೆನೆಟ್ ನಡವಳಿಗಳು, ಅಂಕಗಳ ಲೆಡ್ಜರುಗಳು ಮತ್ತು ಘಟಿಕೋತ್ಸವದ ಛಾಯಾಚಿತ್ರಗಳು ಸೂಚಿಯೊಂದಿಗೆ ಇವೆ. ಎಚ್ಚರಿಕೆ ಕೊಟ್ಟವರಲ್ಲಿ ಇಬ್ಬರು ಈಚೆಗೆ ತಮ್ಮ ಸಿಬ್ಬಂದಿಯನ್ನು ನೋಡಿ ಬರಲು ಕಳಿಸಿದ್ದರು ಎಂಬುದನ್ನು ಸ್ವಲ್ಪ ಸಂತೋಷದಿಂದಲೇ ದಾಖಲಿಸುತ್ತೇನೆ. ವಿವರಣೆಯ ಮಾನಕಗಳು, ಮೂಲಕ್ರಮವನ್ನು ಕೆಡಿಸಬಾರದೆಂಬ ನಿಯಮ, ಕಡತವನ್ನು ಎಷ್ಟು ಕಾಲ ಇಡಬೇಕೆಂದು ಹೇಳುವ ಎ, ಬಿ, ಸಿ, ಡಿ ವರ್ಗೀಕರಣ ಇವೆಲ್ಲ ಓದುಗರಿಗೆ ಗೊತ್ತಿರುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಮುಕ್ತಾಯಗೊಂಡ ಕಡತಗಳನ್ನು ಪತ್ರಾಗಾರಕ್ಕೆ ಒಪ್ಪಿಸತಕ್ಕದ್ದು ಎಂದು ಕುಲಸಚಿವರ ಸಹಿಯಲ್ಲಿ ಸುತ್ತೋಲೆ ಹೊರಟಿತು, ಮುಂದಿನ ವರ್ಷ ಜ್ಞಾಪನವೂ ಹೊರಟಿತು. ಬಂದದ್ದು ಹಳೆಯ ಕ್ಯಾಲೆಂಡರುಗಳು, ಮುರಿದ ಟೈಪ್‌ರೈಟರ್ ಒಂದು ಮತ್ತು ಯಾವುದೋ ವಿಚಾರ ಸಂಕಿರಣದ ಮಿಕ್ಕ ಬ್ಯಾಗುಗಳು. ಶಾಖೆಗಳಿಗೆ ಹೋಗಿ ಕುಳಿತಾಗ ಕಾರಣ ತಿಳಿಯಿತು. ಕಡತ ತಮ್ಮ ಬೀರುವಿನಿಂದ ಹೊರಗೆ ಹೋದ ಮರುದಿನವೇ ಅದರ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಬರುತ್ತದೆ ಎಂಬುದು ಪ್ರತಿಯೊಬ್ಬ ವಿಷಯ ನಿರ್ವಾಹಕರ ಖಚಿತ ನಂಬಿಕೆ, ಮತ್ತು ಆ ಭಯ ಆಧಾರವಿಲ್ಲದ್ದಲ್ಲ. 2005ರ ಕಾಯ್ದೆಯಲ್ಲಿ ಉತ್ತರಕ್ಕೆ 30 ದಿನಗಳ ಗಡುವಿದೆ. ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಬೀಳುವುದು ಮಾಹಿತಿ ಅಧಿಕಾರಿಯ ಸ್ವಂತ ಜೇಬಿನ ಮೇಲೆ. ಅದೇ ಕಾಯ್ದೆಯ 4(1)(ಎ) ಪ್ರಕರಣ ದಾಖಲೆಗಳಿಗೆ ಪಟ್ಟಿಯೂ ಸೂಚಿಯೂ ಇರಬೇಕೆಂದು ಹೇಳುತ್ತದೆ. ನಮ್ಮ ಕಚೇರಿಗಳಲ್ಲಿ ದಂಡದ ಕಲಮು ಎಲ್ಲರಿಗೂ ಬಾಯಿಪಾಠ, ಸೂಚಿಯ ಕಲಮನ್ನು ನೆನೆದವರು ಕಡಿಮೆ. ನಾನು ಇವೆರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡು ಶಾಖೆಯಿಂದ ಶಾಖೆಗೆ ಹೋದೆ.

ಮುಂದಿಟ್ಟ ಕರಾರು ಸರಳವಾಗಿತ್ತು. ಕಡತ ಪತ್ರಾಗಾರಕ್ಕೆ ಬಂದರೂ ಮೊದಲ ಹತ್ತು ವರ್ಷ ಅದು ಶಾಖೆಯ ಕಡತವೇ; ಅವರ ಅನುಮತಿ ಇಲ್ಲದೆ ಯಾರಿಗೂ ತೋರಿಸುವುದಿಲ್ಲ; ಅವರು ಕೇಳಿದ ದಿನವೇ ಮೂಲವನ್ನಾಗಲಿ ಪ್ರತಿಯನ್ನಾಗಲಿ ಮೇಜಿಗೆ ತಲುಪಿಸುತ್ತೇವೆ; ಒಪ್ಪಿಸುವಾಗ ಕಡತ ಸಂಖ್ಯೆ, ವಿಷಯ, ಟಿಪ್ಪಣಿ ಭಾಗದ (ಕಚೇರಿಯ ಅಭಿಪ್ರಾಯ, ಆದೇಶಗಳಿರುವ) ಪುಟಗಳು, ಪತ್ರ ಭಾಗದ (ಬಂದ, ಹೋದ ಪತ್ರಗಳ) ಪುಟಗಳು ಇಷ್ಟನ್ನೂ ಎಣಿಸಿ ಇಬ್ಬರ ಸಹಿ ಇರುವ ರಶೀದಿ ಕೊಡುತ್ತೇವೆ. ಪುಟಗಳ ಎಣಿಕೆಯೇ ಇದರ ಜೀವಾಳ. ಮುಂದೊಂದು ದಿನ ಹಾಳೆಯೊಂದು ಕಾಣೆಯಾದರೆ ತಮ್ಮ ಕೊರಳಿಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಧೀಕ್ಷಕರು ತಾವಾಗಿಯೇ ಫೋನು ಮಾಡತೊಡಗಿದರು. ಎಣಿಕೆಗೆ ಸಮಯ ಹಿಡಿಯುತ್ತದೆ, ಒಬ್ಬರು ದಿನಕ್ಕೆ 40 ಕಡತ ಮುಗಿಸಿದರೆ ಹೆಚ್ಚು. ಆದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಹೋಗುವ ಹೊತ್ತೂ ಮುಖ್ಯ. ಸುಣ್ಣಬಣ್ಣ ಬಳಿಯುವ ಮುನ್ನಿನ ವಾರ, ಶಾಖೆಯೊಂದು ಹೊಸ ಕಟ್ಟಡಕ್ಕೆ ಸಾಗುವ ಸಮಯ, ಹಿರಿಯ ಅಧೀಕ್ಷಕರೊಬ್ಬರು ನಿವೃತ್ತರಾಗುವ ತಿಂಗಳು, ಇವು ಮೂರೂ ನಮಗೆ ಸುಗ್ಗಿ. ನಿವೃತ್ತರಾಗುವವರು ತಮ್ಮ ಕೈಯಲ್ಲಿ ಹುಟ್ಟಿದ ಕಡತಗಳನ್ನು ಗುರುತಿಸಿ ಒಪ್ಪಿಸಿ ಹೋಗಬೇಕೆಂದು ಬಯಸುತ್ತಾರೆ, ಉತ್ತರಾಧಿಕಾರಿಗೆ ಅವುಗಳ ಹೊರೆ ಬೇಕಿರುವುದಿಲ್ಲ. ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡ ಬರುವ ವರ್ಷವಂತೂ ಹೇಳಲೇಬೇಕಿಲ್ಲ. ಇಪ್ಪತ್ತು ವರ್ಷ ಕಾಣದ ಕಡತಗಳು ಆಗ ತಾವೇ ಹೊರಗೆ ಬರುತ್ತವೆ ಮತ್ತು ಬಾಗಿಲು ಮುಚ್ಚುವ ಮೊದಲು ಅಲ್ಲಿ ನಾವಿರಬೇಕು.

ಎಲ್ಲಕ್ಕಿಂತ ಬಿಗಿಯಾಗಿದ್ದದ್ದು ಪರೀಕ್ಷಾ ವಿಭಾಗ. ಅಂಕಗಳ ಲೆಡ್ಜರು ಕೊಡುವುದೆಂದರೆ ಅವರಿಗೆ ಖಜಾನೆಯ ಕೀಲಿ ಕೊಟ್ಟಂತೆ. ಆದರೆ ವಿದೇಶಕ್ಕೆ ಹೋಗುವವರ ಟ್ರಾನ್ಸ್‌ಕ್ರಿಪ್ಟ್ ಮತ್ತು ಉದ್ಯೋಗದಾತರ ಪದವಿ ಪರಿಶೀಲನೆಯ ಕೋರಿಕೆಗಳು ದಿನಕ್ಕೆ ಹತ್ತಾರು ಬರುತ್ತಿದ್ದು, 1980ರ ದಶಕದ ಒಂದು ನೋಂದಣಿ ಸಂಖ್ಯೆ ಹುಡುಕಲು ಒಬ್ಬ ಅಟೆಂಡರ್ ಅರ್ಧ ದಿನ ಏಣಿಯ ಮೇಲೆ ಇರಬೇಕಾಗುತ್ತಿತ್ತು. ಒಂದೇ ಪದವಿಯ, ಒಂದೇ ದಶಕದ ಲೆಡ್ಜರುಗಳನ್ನು ಅವರ ಕೋಣೆಯಲ್ಲಿಯೇ, ಅವರ ಕಣ್ಣೆದುರಿಗೇ ಚಿತ್ರೀಕರಿಸಿ, ಸಂಖ್ಯೆ ಕೊಟ್ಟರೆ ಪುಟ ತೆರೆಯುವಂತೆ ಸೂಚಿ ಮಾಡಿಕೊಟ್ಟೆವು. ಅಲ್ಲಿಂದ ಮೂಲ ಲೆಡ್ಜರುಗಳು ನಮ್ಮ ಕಪಾಟಿಗೆ ಬಂದದ್ದು ಹೇಗೆ ಎಂಬುದನ್ನು ಸಾರ್ವಜನಿಕವಾಗಿ ಬರೆಯಲಾರೆ. ಮುಖತಃ ಸಿಕ್ಕಾಗ ಕೇಳಿದರೆ ಹೇಳಿಯೇನು.

ಕರ್ನಾಟಕದ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಇನ್ನೊಂದು ತೊಡಕಿದೆ, ಅದು ತಾಯಿ ವಿಶ್ವವಿದ್ಯಾಲಯದ್ದು. 1916ರ ಮೈಸೂರಿನಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಬೇರೆಯಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಹೊರಟವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ಎಂಜಿನಿಯರಿಂಗ್ ಕಾಲೇಜುಗಳು ಅದರಡಿ ಹೋದವು. ಪ್ರತಿ ಒಡೆತದಲ್ಲೂ ಕಾಲೇಜುಗಳ ಸಂಯೋಜನೆಯ (ಅಫಿಲಿಯೇಷನ್) ಕಡತಗಳು ಕೆಲವು ಅತ್ತ ಉಳಿದು ಕೆಲವು ಇತ್ತ ಬಂದಿವೆ. ನಮ್ಮ ವ್ಯಾಪ್ತಿಯ ಹಳೆಯ ಕಾಲೇಜುಗಳ ಮೂಲ ಕಡತಗಳನ್ನು ವಾಪಸು ಕೇಳಬೇಕೆಂದು ಕೆಲವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ದಾಖಲೆ ಹುಟ್ಟಿದ ಕಚೇರಿಯ ಸರಣಿಯಲ್ಲಿಯೇ ಇರಬೇಕು. ನಮಗೆ ಪ್ರತಿ ಸಾಕು. ಹಾಗೆ ಕೇಳಿದ್ದರಿಂದಲೇ ಪ್ರತಿಗಳು ಸಿಕ್ಕವು, ಮೂಲ ಕೇಳಿದ್ದರೆ ಪತ್ರವ್ಯವಹಾರವೇ ಇನ್ನೊಂದು ಕಡತವಾಗುತ್ತಿತ್ತು.

ಇನ್ನು ಹಣದ ಮಾತು. ಮೊದಲ ವರ್ಷ ಸುಮಾರು 4 ಲಕ್ಷ ಕೇಳಿದೆವು, ನೆನಪಿರುವಂತೆ 60,000ದ ಆಸುಪಾಸು ಮಂಜೂರಾಯಿತು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) 2019ರಲ್ಲಿ ತೆರೆದಂಥ ಸುಸಜ್ಜಿತ ಪತ್ರಾಗಾರದ ಚಿತ್ರಗಳನ್ನು ನೋಡಿ ಆಸೆಪಡುವುದು ಬೇರೆ, ರಾಜ್ಯ ವಿಶ್ವವಿದ್ಯಾಲಯದ ಲೆಕ್ಕಶೀರ್ಷಿಕೆಯಲ್ಲಿ ಬದುಕುವುದು ಬೇರೆ. ದಾರಿ ಸಿಕ್ಕಿದ್ದು ವಿಲೇವಾರಿಯಲ್ಲಿ. ಅವಧಿ ಮುಗಿದ ಕೆಳವರ್ಗದ ಕಡತಗಳು, ಮೂರು ಮೂರು ಪ್ರತಿಗಳಿದ್ದ ಸೈಕ್ಲೋಸ್ಟೈಲ್ ಸುತ್ತೋಲೆಗಳು, ಪ್ರಯಾಣ ಭತ್ಯೆಯ ಹಳೆಯ ಬಿಲ್ಲುಗಳು ಇವೇ ಕೋಣೆಯ ಮೂರನೆಯ ಎರಡು ಭಾಗವನ್ನು ತುಂಬಿದ್ದವು. ಸಮಿತಿಯ ಒಪ್ಪಿಗೆ, ಪಟ್ಟಿ, ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಾಕಿ ಇಲ್ಲವೆಂಬ ದೃಢೀಕರಣ ಎಲ್ಲವನ್ನೂ ಮುಗಿಸಿ ಕಾಗದವನ್ನು ಯಂತ್ರದಲ್ಲಿ ಚೂರು ಮಾಡಿಸಿ ಹರಾಜು ಹಾಕಿದಾಗ ಕಿಲೋಗೆ 11ರಿಂದ 13 ರೂಪಾಯಿಯಂತೆ ಒಂದು ಲಕ್ಷದ ಹತ್ತಿರ ಬಂತು. ಆ ಮೊತ್ತವನ್ನು ಸಾಮಾನ್ಯ ನಿಧಿಗೆ ಜಮಾ ಮಾಡದೆ ಪತ್ರಾಗಾರದ ಪೆಟ್ಟಿಗೆಗಳಿಗೇ ಬಳಸಲು ಹಣಕಾಸು ಅಧಿಕಾರಿಗಳನ್ನು ಒಪ್ಪಿಸಿದ್ದು ನನ್ನ ಈ ಕೆಲಸದಲ್ಲೆಲ್ಲ ದೊಡ್ಡ ಸಾಧನೆ ಎಂದು ಇಂದಿಗೂ ಭಾವಿಸುತ್ತೇನೆ.

ಪೆಟ್ಟಿಗೆಗಳು ಮೊದಲು ಕೈಕೊಟ್ಟವು. ಹೊರದೇಶದ ಆಮ್ಲರಹಿತ ಪೆಟ್ಟಿಗೆ ಒಂದಕ್ಕೆ 400 ರೂಪಾಯಿಗೂ ಮೇಲೆ. ಊರಿನ ಪೆಟ್ಟಿಗೆ ತಯಾರಕರದು 40 ರೂಪಾಯಿ, ಆದರೆ ಮೊದಲ ಮಳೆಗಾಲಕ್ಕೇ ಅದರ ತಳ ಬಾಗಿ ಕಡತಗಳು ಒಂದಕ್ಕೊಂದು ಒತ್ತಿಕೊಂಡವು. ಆಮ್ಲವಿದೆಯೇ ಎಂದು ತೋರಿಸುವ ಪಿಎಚ್ ಪೆನ್ನಿನಿಂದ ಆ ಹಲಗೆಯ ಮೇಲೆ ಗೀಟೆಳೆದರೆ ಹಳದಿಯಾಗಿಯೇ ಉಳಿಯಿತು, ನೇರಳೆಗೆ ತಿರುಗಲಿಲ್ಲ. ಆಮ್ಲ ತುಂಬಿದೆ ಎಂದರ್ಥ. ಈಗ ನಡುವಿನ ದಾರಿ ಹಿಡಿದಿದ್ದೇವೆ. ದಪ್ಪ ಹಲಗೆಯ ದೇಶೀ ಪೆಟ್ಟಿಗೆ, ಒಳಗೆ ಹತ್ತಿಚಿಂದಿಯಿಂದ ಮಾಡಿದ ಕೈಕಾಗದದ ಹೊದಿಕೆ, ಪೆನ್ನಿನ ಪರೀಕ್ಷೆಯಲ್ಲಿ ಗೆದ್ದ ಕಾಗದ ಮಾತ್ರ. ಒಟ್ಟು 95 ರೂಪಾಯಿಗೆ ಮುಗಿಯುತ್ತದೆ.

ಪೆಟ್ಟಿಗೆಗೆ ಹಿಡಿಸದ ದೊಡ್ಡ ಲೆಡ್ಜರುಗಳಿಗೆ ರುಮಾಲೇ, ಅಂದರೆ ಸುತ್ತುವ ಬಟ್ಟೆಯೇ, ಗತಿ. ದಾಖಲೆ ಕೊಠಡಿಗಳಲ್ಲಿ ರೂಢಿಯಲ್ಲಿರುವ ಕೆಂಪು ಬಟ್ಟೆ ತೇವ ತಗುಲಿದರೆ ಬಣ್ಣ ಬಿಡುತ್ತದೆ. ನಮ್ಮ ಒಂದು ಸರಣಿಯ ಅಂಚುಗಳೆಲ್ಲ ಗುಲಾಬಿಯಾಗಿವೆ. ಬಣ್ಣವಿಲ್ಲದ ಕೋರಾ ಬಟ್ಟೆ ತಂದೆವು. ಅದನ್ನು ಅಂಗಡಿಯಿಂದ ತಂದ ಹಾಗೆಯೇ ಸುತ್ತಿದರೆ ಅದರ ಗಂಜಿಗೆ ಬೆಳ್ಳಿಹುಳು, ಜಿರಳೆ ಬರುತ್ತವೆ. ಎರಡು ಸಲ ಬಿಸಿನೀರಿನಲ್ಲಿ ಒಗೆದು, ಬೆರಳಿನಲ್ಲಿ ಉಜ್ಜಿದಾಗ ಜಿಗುಟು ಹತ್ತದಿರುವುದನ್ನು ನೋಡಿ, ಬಿಸಿಲಿಗೆ ಒಣಗಿಸಿ ಬಳಸುತ್ತೇವೆ. ಸುತ್ತುವ ಮೊದಲು ಗುಂಡುಸೂಜಿ, ಸ್ಟೇಪಲ್, ಕಬ್ಬಿಣದ ಕ್ಲಿಪ್ಪುಗಳನ್ನು ತೆಗೆಯಬೇಕು. ತುಕ್ಕು ಹಿಡಿದ ಸೂಜಿಯನ್ನು ಎಳೆಯಬಾರದು. ಹಾಳೆಯನ್ನು ಮೇಜಿಗೆ ಮಟ್ಟಸ ಒತ್ತಿ ಹಿಡಿದು, ಸಣ್ಣ ಇಕ್ಕುಳದಲ್ಲಿ ತುಕ್ಕಿನ ಗಂಟನ್ನು ಪುಡಿಮಾಡಿ ಎರಡು ತುಂಡಾಗಿ ತೆಗೆದರೆ ತೂತು ದೊಡ್ಡದಾಗುವುದಿಲ್ಲ. ತೂತಿಗೆ ತೆಳುವಾದ ಜಪಾನಿ ಟಿಶ್ಯೂ ಕಾಗದ, ಸಿಎಂಸಿ ಎಂಬ ಸೆಲ್ಯುಲೋಸ್ ಅಂಟು.

ಹುಳುಗಳ ವಿಷಯದಲ್ಲಿ ನಾನು ಸ್ವಲ್ಪ ದಾರಿ ಬಿಟ್ಟು ಅಲೆದದ್ದುಂಟು. ತಾಳೆಗರಿಯ ಕಟ್ಟುಗಳಲ್ಲಿ ಬಜೆ ಬೇರು ಇಡುವ ರೂಢಿ ಇರುವುದರಿಂದ ಬಜೆಯ ಪುಡಿಯನ್ನು ಸಣ್ಣ ಚೀಲಗಳಲ್ಲಿ ಕಟ್ಟಿ ಒಂದು ಸಾಲಿನ ಕಪಾಟುಗಳಲ್ಲಿಟ್ಟು, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು, ಅಂಟುಬಲೆಗಳಲ್ಲಿ ಸಿಕ್ಕ ಹುಳುಗಳನ್ನು ಎಣಿಸಿದೆವು. ಬೇಸಿಗೆಯಲ್ಲಿ ಬಜೆ ಇದ್ದ ಸಾಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಹುಳು. ಜುಲೈ ಬಂದಾಗ ಪುಡಿಗೇ ಬೂಷ್ಟು ಹಿಡಿದು ಚೀಲಗಳನ್ನು ಎಸೆಯಬೇಕಾಯಿತು. ಥೈಮಾಲ್ ರಾಸಾಯನಿಕದ ಹೊಗೆ ಹಾಕುವ ಪೆಟ್ಟಿಗೆ ಬೂಷ್ಟಿಗೆ ಸರಿ, ಆದರೆ ಅದರ ಹೊಗೆ ಸಿಬ್ಬಂದಿಗೆ ಒಗ್ಗಲಿಲ್ಲ. ಕೊನೆಗೆ ನಿಂತದ್ದು ಐಸ್‌ಕ್ರೀಂ ಅಂಗಡಿಯವರು ಇಡುವಂಥ ಡೀಪ್ ಫ್ರೀಜರ್, ಸುಮಾರು 28,000 ರೂಪಾಯಿಯದು. ಬಂದ ಪ್ರತಿಯೊಂದು ಕಟ್ಟನ್ನೂ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯ ಹತ್ತಿರ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚದೆ ಬಿಡುತ್ತೇವೆ. ಬೇಗ ಬಿಚ್ಚಿದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಛಾಯಾಚಿತ್ರದ ಆಲ್ಬಮ್ಮುಗಳನ್ನು ಇದರಲ್ಲಿ ಇಡುವುದಿಲ್ಲ. ಫ್ರೀಜರಿನ ಖರೀದಿ ಕಡತದ ಮೇಲೆ ಮೂರು ಆಕ್ಷೇಪಣೆಗಳು ಬಂದವು. ಆ ಕಡತವೂ ಈಗ ನಮ್ಮಲ್ಲಿಯೇ ಇದೆ.

ಸ್ಕ್ಯಾನಿಂಗ್ ಅನ್ನು ಆರಂಭದಲ್ಲಿ ಹೊರಗಿನ ಸಂಸ್ಥೆಯೊಂದಕ್ಕೆ ಪುಟಕ್ಕೆ 90 ಪೈಸೆಯಂತೆ ಕೊಡಲಾಗಿತ್ತು. ವಾಪಸು ಬಂದ ಹಾರ್ಡ್ ಡಿಸ್ಕಿನಲ್ಲಿ ಹೆಸರುಗಳೆಲ್ಲ ಬರೀ ಕ್ರಮಸಂಖ್ಯೆ, ಟಿಪ್ಪಣಿ ಭಾಗವೂ ಪತ್ರ ಭಾಗವೂ ಬೆರೆತಿದ್ದವು, ಹಾಳೆಯ ಹಿಂಬದಿಯ ಷರಾಗಳನ್ನು ಬಿಟ್ಟೇಬಿಟ್ಟಿದ್ದರು. ಆಡಳಿತ ಕಡತದಲ್ಲಿ ನಿಜವಾದ ನಿರ್ಧಾರ ಎಷ್ಟೋ ಸಲ ಇರುವುದು ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದ ಎರಡು ಸಾಲಿನಲ್ಲಿ. ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗಂಟೆಯ ಲೆಕ್ಕದಲ್ಲಿ ಗೌರವಧನ ಕೊಟ್ಟು ಇಲ್ಲಿಯೇ ಮಾಡಿಸುತ್ತೇವೆ. ಪುಟಕ್ಕೆ ಒಂದೂವರೆ ರೂಪಾಯಿಯ ಮೇಲೆ ಬೀಳುತ್ತದೆ, ಆದರೆ ಎರಡನೆಯ ಸಲ ಮಾಡುವ ಪ್ರಮೇಯ ಬರುವುದಿಲ್ಲ.

2000ದ ನಂತರದ ದಶಕದ ಕಡತಗಳು ಕಾಗದಕ್ಕಿಂತ ಕಷ್ಟ ಕೊಟ್ಟವು. ನಡವಳಿಗಳನ್ನು ಆಗ ಯೂನಿಕೋಡ್ ಅಲ್ಲದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿ ಟೈಪು ಮಾಡಿ ಫ್ಲಾಪಿಯಲ್ಲಿಯೋ ಸಿಡಿಯಲ್ಲಿಯೋ ಇಟ್ಟಿದ್ದರು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಸಿಗುವ ಪರಿವರ್ತಕಗಳಿಗೆ ಪೂರ್ತಿ ಪಠ್ಯ ಕೊಟ್ಟರೆ ನಡುವೆ ಇರುವ ಇಂಗ್ಲಿಷ್ ಪದಗಳು, ಕೋರ್ಸಿನ ಸಂಕೇತಗಳು ಎಲ್ಲವೂ ಕನ್ನಡದ ಅಸಂಬದ್ಧ ಅಕ್ಷರಗಳಾಗಿ ಬಿಡುತ್ತವೆ. ವರ್ಡ್ ಕಡತದಲ್ಲಿ ಪ್ರತಿ ತುಣುಕಿಗೂ ಫಾಂಟಿನ ಹೆಸರು ದಾಖಲಾಗಿರುತ್ತದೆ. ನುಡಿಯ ಹೆಸರಿರುವ ತುಣುಕುಗಳನ್ನು ಮಾತ್ರ ಪರಿವರ್ತಿಸುವ ಸಣ್ಣ ಪ್ರೋಗ್ರಾಮನ್ನು ಗಣಕ ವಿಜ್ಞಾನ ವಿಭಾಗದ ಹುಡುಗರಿಂದ ಬರೆಸಿದೆವು. ಅರ್ಕಾವೊತ್ತು ಮತ್ತು ಒತ್ತಕ್ಷರಗಳ ಕ್ರಮ ಸರಿಪಡಿಸಲು ನಾವು ಕೂಡಿಸಿದ ವಿನಾಯಿತಿಗಳ ಪಟ್ಟಿ ಮೂರ್ನಾಲ್ಕು ಪುಟವಿದೆ, ಅದನ್ನು ಸದ್ಯಕ್ಕೆ ಹಂಚಿಕೊಳ್ಳುತ್ತಿಲ್ಲ. ಮೂಲ ಕಡತವನ್ನು ಅಳಿಸದೆ, ಪರಿವರ್ತಿತ ಪ್ರತಿಯನ್ನೂ ಫಾಂಟು ಒಳಗೊಂಡ ಪಿಡಿಎಫ್/ಎ (ದೀರ್ಘಕಾಲ ಕಾಪಿಡುವುದಕ್ಕೆಂದೇ ಇರುವ ಪಿಡಿಎಫ್) ಪ್ರತಿಯನ್ನೂ ಜೊತೆಗಿಡುತ್ತೇವೆ. ಟೇಪ್ ಡ್ರೈವಿನ ಬೆಲೆ ನಮ್ಮ ಕೈಗೆಟುಕುವುದಿಲ್ಲವಾದ್ದರಿಂದ ಎರಡು ಡಿಸ್ಕ್ ಪೆಟ್ಟಿಗೆಗಳು ಇಲ್ಲಿ, ಮೂರನೆಯ ಪ್ರತಿ ದೂರದ ಸ್ನಾತಕೋತ್ತರ ಕೇಂದ್ರದಲ್ಲಿ. ಕಡತ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್ ಎಂಬ ಸಂಖ್ಯೆಯನ್ನು ಆರು ತಿಂಗಳಿಗೊಮ್ಮೆ ತಾಳೆ ನೋಡುತ್ತೇವೆ.

ಕಡತಗಳನ್ನು ಗಣಕದಲ್ಲೇ ನಡೆಸುವ ಇ-ಆಫೀಸ್ ಮತ್ತು ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ನಿರ್ವಹಣಾ ವ್ಯವಸ್ಥೆಯಾದ ಯುಯುಸಿಎಂಎಸ್ ಬಂದ ಮೇಲೆ ರುಮಾಲಿನ ಕೆಲಸ ಕಡಿಮೆಯಾಗಿದೆ, ಶಾಖೆಗಳನ್ನು ಒಪ್ಪಿಸುವ ಕೆಲಸ ಕಡಿಮೆಯಾಗಿಲ್ಲ. ಕಡತ ಪರದೆಯ ಮೇಲಿದ್ದರೆ ಸುರಕ್ಷಿತವಾಗಿದೆ ಎಂದು ಶಾಖೆಗಳು ಭಾವಿಸುತ್ತವೆ. ಆದರೆ ಆ ವ್ಯವಸ್ಥೆಗಳು ನಮ್ಮ ಆವರಣದಲ್ಲಿಲ್ಲ, ಅವುಗಳ ರೂಪ ಬದಲಾಗುವುದು ನಮ್ಮನ್ನು ಕೇಳಿಯೂ ಅಲ್ಲ. ಆದ್ದರಿಂದ ಮುಕ್ತಾಯಗೊಂಡ ಇ-ಕಡತಗಳ ಟಿಪ್ಪಣಿ ಭಾಗ, ಪತ್ರ ಭಾಗ ಎರಡನ್ನೂ ಬೇರೆ ಬೇರೆ ಪಿಡಿಎಫ್ ಆಗಿ, ಜೊತೆಗೆ ಕಡತಗಳ ಪಟ್ಟಿಯನ್ನು ಕೋಷ್ಟಕವಾಗಿ, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಇಳಿಸಿಕೊಡಬೇಕೆಂದು ಅದೇ ಹಳೆಯ ರಶೀದಿಯ ನಮೂನೆಯಲ್ಲಿ ಪುಟಗಳ ಎಣಿಕೆಯೊಂದಿಗೆ ಬರೆದುಕೊಂಡಿದ್ದೇವೆ. ಹತ್ತು ಶಾಖೆಗಳಲ್ಲಿ ಏಳು ಈ ವರ್ಷ ಕೊಟ್ಟಿವೆ. ಉಳಿದ ಮೂರರಲ್ಲಿ ಒಂದಕ್ಕೆ ಮುಂದಿನ ತಿಂಗಳು ಸುಣ್ಣಬಣ್ಣವಿದೆ.