“ಮೇಡಂ, ಸಿರಿಂಜ್ ಒಂದ್ಸಲ ನೋಡ್ತೀರಾ?”

ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. 28 ಬೆಡ್, ಮೂರು ಶಿಫ್ಟು. ಇನ್‌ಚಾರ್ಜ್ ಆದ ಮೊದಲ ಎರಡು ವರ್ಷ ಆದ ತಪ್ಪುಗಳನ್ನು ಬರೆದಿಡುವ ನಮ್ಮ ವಾರ್ಡಿನ ಇನ್ಸಿಡೆಂಟ್ ರಿಜಿಸ್ಟರ್ ಹೆಚ್ಚುಕಡಿಮೆ ಖಾಲಿಯೇ ಇತ್ತು. ಅದನ್ನು ನೋಡಿ ನಮ್ಮ ಕೆಲಸ ಅಚ್ಚುಕಟ್ಟಾಗಿದೆ ಎಂದು ನಂಬಿದ್ದೆ.

ಒಂದು ರಾತ್ರಿ ಇಬ್ಬರು ರಜೆ ಹಾಕಿದ್ದರಿಂದ ನೈಟ್ ಡ್ಯೂಟಿಗೆ ನಾನೇ ನಿಂತೆ. ಒಬ್ಬ ಅಜ್ಜನಿಗೆ 12 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಬಾಟಲಿಯನ್ನು ಅವರ ಮಗ ಹೊರಗಿನ ಮೆಡಿಕಲ್ ಶಾಪಿನಿಂದ ತಂದಿದ್ದರು. ನಾನು ಟ್ರೇಯಿಂದ ಸಿರಿಂಜ್ ತೆಗೆದೆ, 12ರ ಗೆರೆವರೆಗೆ ಎಳೆದೆ, ಬೆಡ್ ಹತ್ತಿರ ಹೋದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದ್ದೂ ಆಗಿತ್ತು. ಆಗ ಪಕ್ಕದಲ್ಲಿದ್ದ ಜೂನಿಯರ್ ಹುಡುಗಿ ತುಂಬಾ ಸಣ್ಣ ದನಿಯಲ್ಲಿ, “ಮೇಡಂ, ಸಿರಿಂಜ್ ಒಂದ್ಸಲ ನೋಡ್ತೀರಾ?” ಎಂದಳು.

ಕೆಂಪು ಕ್ಯಾಪಿನ ಸಿರಿಂಜ್. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆಯಲ್ಲಿ ಬರುತ್ತದೆ. ಒಂದರಲ್ಲಿ ಪ್ರತಿ ಎಂ.ಎಲ್.ಗೆ 40 ಯೂನಿಟ್, ಇನ್ನೊಂದರಲ್ಲಿ 100. ನಲವತ್ತರದ್ದಕ್ಕೆ ಕೆಂಪು ಕ್ಯಾಪಿನ ಸಿರಿಂಜ್, ನೂರರದ್ದಕ್ಕೆ ಕಿತ್ತಳೆ ಕ್ಯಾಪ್. ನಮ್ಮ ವಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ನಲವತ್ತರ ಬಾಟಲಿ. ಅಜ್ಜನ ಮಗ ತಂದದ್ದು ನೂರರದ್ದು. ನೂರರ ಔಷಧಿಯನ್ನು ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 12ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 30 ಯೂನಿಟ್, ಅಂದರೆ ಎರಡೂವರೆ ಪಟ್ಟು. ನಿದ್ದೆಯಲ್ಲೇ ಶುಗರ್ ಕುಸಿದಿದ್ದರೆ ಬೆಳಗಿನವರೆಗೆ ಯಾರಿಗೂ ಗೊತ್ತಾಗದೆ ಇರಬಹುದಿತ್ತು.

ನರ್ಸಿಂಗ್ ಸ್ಟೇಷನ್ನಿಗೆ ಬಂದ ಮೇಲೆ ಅವಳನ್ನು ಕೇಳಿದೆ, “ನಿನಗೆ ಯಾವಾಗ ಗೊತ್ತಾಯ್ತು?”

“ನೀವು ಎಳೆಯುವಾಗಲೇ ಮೇಡಂ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೋದ ತಿಂಗಳು ಆ ಸಿಸ್ಟರ್‌ಗೆ ಪೇಶಂಟ್ ಮುಂದೇನೇ ಬೈದ್ರಲ್ಲ, ಅದಕ್ಕೆ ಭಯ ಆಯ್ತು.”

ನನಗೆ ನೆನಪಾಯಿತು. ಒಂದು ಡೋಸ್ ಆಂಟಿಬಯೋಟಿಕ್ ಎರಡು ಗಂಟೆ ತಡವಾಗಿತ್ತು. ಆ ಸಿಸ್ಟರ್ ತಾವಾಗಿಯೇ ಬಂದು ಹೇಳಿದ್ದರು. ನಾನು ವಾರ್ಡಿನ ಮಧ್ಯೆ ನಿಂತು, “ನಿಮ್ಮದು ಯಾವಾಗಲೂ ಇದೇ ಕಥೆ” ಎಂದು ಕೂಗಿದ್ದೆ. ನಿಜ ಹೇಳಲು ಬಂದವರಿಗೆ ಶಿಕ್ಷೆ ಕೊಟ್ಟೆ. ನೋಡಿದವರೆಲ್ಲ ಪಾಠ ಕಲಿತರು.

ಮರುದಿನ ಬೆಳಗ್ಗೆ ಮನೆಗೆ ಹೋಗುವ ಬಸ್ಸಿನಲ್ಲಿ ಡ್ಯೂಟಿ ಡೈರಿಯ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ. ಹಿಂದೊಮ್ಮೆ ತರಬೇತಿಯಲ್ಲಿ ‘ಗ್ರೋ’ ಎಂಬ ಕ್ರಮ ಹೇಳಿಕೊಟ್ಟಿದ್ದರು. ಗುರಿ ಏನು, ಈಗಿನ ಸ್ಥಿತಿ ಏನು, ಯಾವ ದಾರಿಗಳಿವೆ, ಯಾವುದನ್ನು ಮಾಡುತ್ತೇನೆ ಎಂದು ನಾಲ್ಕು ಹಂತ. ಕಾರ್ ರೇಸಿನಲ್ಲಿ ಹೆಸರು ಮಾಡಿ ಆಮೇಲೆ ಕೋಚ್ ಆದ ಬ್ರಿಟನ್ನಿನ ಜಾನ್ ವಿಟ್‌ಮೋರ್ 1990ರ ದಶಕದಲ್ಲಿ ಅದನ್ನು ಜನಪ್ರಿಯ ಮಾಡಿದರು. ಡ್ಯೂಟಿ ಮುಗಿದ ಸುಸ್ತಿನಲ್ಲಿ ನನಗೆ ನಾಲ್ಕೂ ಹಿಡಿಸಲಿಲ್ಲ. ಮೂರು ಪ್ರಶ್ನೆ ಮಾಡಿಕೊಂಡೆ: ಇವತ್ತು ಏನು ನಡೆಯಿತು? ಅದರಲ್ಲಿ ನನ್ನ ಪಾಲು ಏನು? ನಾಳೆ ಇದೇ ಸಂದರ್ಭ ಬಂದರೆ ನನ್ನ ಬಾಯಿಂದ ಬರುವ ಮೊದಲ ಮಾತು ಯಾವುದು?

ಮೊದಲನೆಯದೇ ಕಷ್ಟ. ಎಷ್ಟೋ ದಿನ ಯಾರಾದರೊಬ್ಬರ ಬಗ್ಗೆ “ಅವಳು ಸೋಮಾರಿ” ಎಂದು ಬರೆದು ಅಳಿಸುತ್ತಿದ್ದೆ. ಅದು ನನ್ನ ತೀರ್ಮಾನ, ನಡೆದದ್ದಲ್ಲ. “10 ಗಂಟೆಯ ಬಿಪಿ ಚಾರ್ಟಿನಲ್ಲಿ ಇಲ್ಲ” ಎಂಬುದು ನಡೆದದ್ದು. ಮೂರನೆಯದಕ್ಕೆ ಉತ್ತರವನ್ನು ಪೂರ್ತಿ ವಾಕ್ಯವಾಗಿ ಬರೆಯಲೇಬೇಕು ಅಂತ ನಿಯಮ ಮಾಡಿಕೊಂಡೆ. “ಸಮಾಧಾನದಿಂದ ಮಾತಾಡುತ್ತೇನೆ” ಎಂದು ಬರೆದರೆ ಗಡಿಬಿಡಿಯಲ್ಲಿ ನೆನಪಿಗೆ ಬರುವುದಿಲ್ಲ. “ಬಂದು ಹೇಳಿದ್ದು ಒಳ್ಳೇದಾಯ್ತು, ಪೇಶಂಟ್ ಈಗ ಹೇಗಿದ್ದಾರೆ?” ಎಂದು ಬರೆದಿಟ್ಟರೆ ಅದೇ ಮಾತು ಬಾಯಿಗೆ ಬರುತ್ತದೆ. ಅದು ಅಭ್ಯಾಸವಾಗಲು ಸುಮಾರು ಎರಡು ತಿಂಗಳು ಬೇಕಾಯಿತು.

ವಾರ್ಡಿನಲ್ಲಿ ಮೊದಲು ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಒಂದು ನೋಟ್‌ಬುಕ್ ಇಟ್ಟು, ಹೆಸರಿಲ್ಲದೆ ಏನು ಬೇಕಾದರೂ ಬರೆಯಿರಿ ಎಂದೆ. ಎರಡೇ ವಾರಕ್ಕೆ ಒಬ್ಬರ ಮೇಲೆ ಒಬ್ಬರು ಚಾಡಿ ಬರೆಯಲು ಶುರು ಮಾಡಿದರು. ತೆಗೆದುಬಿಟ್ಟೆ.

ಆಮೇಲೆ ಬೆಳಗಿನ ಹ್ಯಾಂಡೋವರ್, ಅಂದರೆ ಒಂದು ಶಿಫ್ಟಿನವರು ಮುಂದಿನವರಿಗೆ ಪೇಶಂಟ್‌ಗಳ ವಿವರ ಒಪ್ಪಿಸುವುದು, ಮುಗಿದ ಮೇಲೆ ಐದು ನಿಮಿಷ ಎಲ್ಲರೂ ನಿಲ್ಲುವುದು ಎಂದು ಮಾಡಿದೆವು. ಮೊದಲ ದಿನ ಇನ್ಸುಲಿನ್ ವಿಷಯವನ್ನು ನಾನೇ ಎಲ್ಲರ ಮುಂದೆ ಹೇಳಿದೆ, ಯಾರು ನನ್ನನ್ನು ತಡೆದರು ಎಂಬುದನ್ನೂ ಅವಳನ್ನು ಕೇಳಿಯೇ ಹೇಳಿದೆ. ಅದೇ ದಿನ ಎರಡು ಬಗೆಯ ಸಿರಿಂಜ್ ಬೇರೆ ಬೇರೆ ಡಬ್ಬಕ್ಕೆ ಹೋದವು. ಹೊರಗಿನಿಂದ ಬಂದ ಬಾಟಲಿಯ ಮೇಲೆ 40 ಅಥವಾ 100 ಎಂದು ದೊಡ್ಡದಾಗಿ ಬರೆಯುವುದು, ಇನ್ಸುಲಿನ್ನನ್ನು ಇಬ್ಬರು ನೋಡಿ ಇಬ್ಬರೂ ಸಹಿ ಹಾಕುವುದು ಅಂತಲೂ ಆಯಿತು. ಹೇಳಿದ ಮಾತಿನಿಂದ ಏನೋ ಬದಲಾಯಿತು ಎಂದು ಕಣ್ಣಿಗೆ ಕಂಡ ಮೇಲೆ ಬೇರೆಯವರೂ ಬಾಯಿ ಬಿಟ್ಟರು.

ಕೇಳುವ ರೀತಿಯನ್ನೂ ಬದಲಿಸಿಕೊಂಡೆ. “ಏನಾದರೂ ಹೇಳೋದಿದೆಯಾ?” ಎಂದರೆ “ಇಲ್ಲ ಮೇಡಂ” ಎಂಬುದೇ ಉತ್ತರ. “ಇವತ್ತಿನ ಹ್ಯಾಂಡೋವರಿನಲ್ಲಿ ನಾನು ಏನು ಬಿಟ್ಟೆ?” ಎಂದು ಕೇಳಿದರೆ ಹುಡುಕಿ ಹೇಳುತ್ತಾರೆ.

ಒಬ್ಬರ ಕೆಲಸದ ಬಗ್ಗೆ ಹೇಳುವುದಿದ್ದರೆ ಒಂಟಿಯಾಗಿ, ಅದೇ ದಿನ, ಡ್ರೆಸ್ಸಿಂಗ್ ರೂಮಿನಲ್ಲಿ. ಮೊದಲು ಅವರ ಮಾತು, ಆಮೇಲೆ ನನ್ನದು. ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಕುರಿತ ನೂರಾರು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಹಾಳಾಗಿತ್ತು. ಗಮನ ಕೆಲಸದಿಂದ ಸರಿದು ‘ನಾನು ಎಂಥವನು’ ಎಂಬಲ್ಲಿಗೆ ಹೋದಷ್ಟೂ ಫೀಡ್‌ಬ್ಯಾಕಿನ ಪ್ರಯೋಜನ ಕಡಿಮೆ ಎಂದು ಅವರು ವಿವರಿಸುತ್ತಾರೆ. ಅದನ್ನು ಓದಿದಾಗ “ನಿಮ್ಮದು ಯಾವಾಗಲೂ ಇದೇ ಕಥೆ” ಎಂಬ ನನ್ನದೇ ಮಾತು ಕಿವಿಯಲ್ಲಿ ಕೇಳಿಸಿತು. ಆ ಸಿಸ್ಟರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಕಣ್ಣು ಒರೆಸಿಕೊಂಡು, “ಬಿಡಿ, ನಾನು ರಾಜೀನಾಮೆ ಬರೆದಿಟ್ಟಿದ್ದೆ” ಎಂದರು.

ಮೂರು ತಿಂಗಳಲ್ಲಿ ರಿಜಿಸ್ಟರ್ ತುಂಬತೊಡಗಿತು. ನರ್ಸಿಂಗ್ ಸೂಪರಿಂಟೆಂಡೆಂಟ್ ಕರೆಸಿ, “ಏನಮ್ಮ, ನಿನ್ನ ವಾರ್ಡಿನಲ್ಲೇ ಯಾಕೆ ಇಷ್ಟು ತಪ್ಪು?” ಎಂದು ಕೇಳಿದರು. ನಾನು ಅವರಿಗೆ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿಯ ಅಧ್ಯಯನದ ಬಗ್ಗೆ ಹೇಳಿದೆ. 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ತಪ್ಪುಗಳನ್ನು ನೋಡಿದವರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡು ಹೋದರೆ, ಅಲ್ಲಿ ಲೆಕ್ಕಕ್ಕೆ ಸಿಕ್ಕ ತಪ್ಪುಗಳೇ ಜಾಸ್ತಿ ಇದ್ದವು. ಆ ತಂಡಗಳು ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. “ಮೇಡಂ, ಇದರಲ್ಲಿ ಎಷ್ಟು ಪೇಶಂಟ್ ತನಕ ಹೋಗಿವೆ, ಎಷ್ಟು ಮೊದಲೇ ಸಿಕ್ಕಿವೆ ನೋಡಿ” ಎಂದು ರಿಜಿಸ್ಟರ್ ಮುಂದಿಟ್ಟೆ. ಅವರು ಒಂದೊಂದನ್ನೂ ಓದಿದರು. ಮರುವಾರ ಅವರೇ ನಮ್ಮ ಐದು ನಿಮಿಷಕ್ಕೆ ಬಂದು ಸುಮ್ಮನೆ ನಿಂತು ಕೇಳಿಸಿಕೊಂಡರು.

ರೌಂಡ್ಸ್, ಡಿಸ್ಚಾರ್ಜ್, ಹೊಸ ಅಡ್ಮಿಷನ್ ಒಟ್ಟಿಗೆ ಬೀಳುವ ಹೊತ್ತಿನಲ್ಲಿ ನನ್ನ ದನಿ ಈಗಲೂ ಏರುತ್ತದೆ. ಅದಕ್ಕೆ ಅಂದು ನಾನು ಬೈದಿದ್ದ ಆ ಸಿಸ್ಟರ್‌ಗೇ ಒಂದು ಜವಾಬ್ದಾರಿ ಕೊಟ್ಟಿದ್ದೇನೆ. ದನಿ ಏರಿದ್ದು ಕೇಳಿದರೆ ಅವರು ಬಂದು, “ನೀರು ಕುಡೀರಿ ಮೇಡಂ” ಎನ್ನುತ್ತಾರೆ. ನಾನು ಹೋಗಿ ನೀರು ಕುಡಿದು ಬರುತ್ತೇನೆ.

ಕಳೆದ ವಾರ, ಸೇರಿ ಇನ್ನೂ ಮೂರು ದಿನ ಆಗಿದ್ದ ಹುಡುಗಿಯೊಬ್ಬಳು ಹ್ಯಾಂಡೋವರ್ ನಡುವೆ ಕೈ ಎತ್ತಿದಳು. “ಮೇಡಂ, 9ನೇ ಬೆಡ್ಡಿನ ಪೊಟ್ಯಾಸಿಯಂ ರಿಪೋರ್ಟ್ ಹೇಳಲೇ ಇಲ್ಲ.” ಹೌದು, ಮರೆತಿದ್ದೆ. ಫೈಲ್ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿದೆ. 3.1 ಇತ್ತು, ಇರಬೇಕಾದ್ದಕ್ಕಿಂತ ಕಡಿಮೆ. ಅವಳೇ ಡಾಕ್ಟರಿಗೆ ಫೋನ್ ಮಾಡಿದಳು.