ಬೇರೆ ಡಿಸ್ಕಿನ ಸರ್ವೀಸು ಬೂಟ್‌ನಲ್ಲೇ ಏಳುತ್ತಿದೆ: ನನ್ನ ಅನುಭವ

"ಲಿನಕ್ಸ್‌ನಲ್ಲಿ ಆಪ್ಟ್ (/opt, ಹೊರಗಿನ ಸಾಫ್ಟ್‌ವೇರ್ ಹಾಕುವ ಡೈರೆಕ್ಟರಿ) ಬೇರೆ ಡಿಸ್ಕಿನಲ್ಲಿದ್ದರೆ ತಲೆನೋವು ತಪ್ಪಿದ್ದಲ್ಲ, ಎಲ್ಲಾ ರೂಟ್‌ಗೇ (ಸಿಸ್ಟಮ್ ಇರುವ ಮುಖ್ಯ ಡಿಸ್ಕಿಗೇ) ಹಾಕು" ಅಂದವರೇ ಜಾಸ್ತಿ. ಅದಕ್ಕೆ ದೊಡ್ಡ ಎಸ್‌ಎಸ್‌ಡಿ ಬೇಕು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಜಾಗ ಖಾಲಿ ಬಿದ್ದಿರುವಾಗ ಸುಮ್ನೆ ದುಡ್ಡು ಸುರಿಯೋದು ಯಾಕೆ? ಹೊಸ ಡಿಸ್ಕ್ ಕೊಳ್ಳದೆಯೇ ಈಗ ಹೆಚ್ಚುಕಮ್ಮಿ ಒಂದು ವರ್ಷದಿಂದ ಎಲ್ಲ ಸರ್ವೀಸ್‌ಗಳೂ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಬೂಟ್‌ನಲ್ಲೇ ಏಳುತ್ತಿವೆ.

ಯೂನಿಟ್ ಫೈಲನ್ನೂ (ಸರ್ವೀಸನ್ನು ಹೇಗೆ ಶುರು ಮಾಡಬೇಕೆಂದು ಹೇಳುವ ಫೈಲ್) ಅದೇ ಡಿಸ್ಕಿನಲ್ಲಿಟ್ಟು ಲಿಂಕ್ ಮಾಡುವುದು ಮೊದಲ ಉಪಾಯ. ಕೈಯಾರೆ ಶುರು ಮಾಡಿದರೆ ಓಡುತ್ತಿತ್ತು, ರೀಬೂಟ್ ಆದರೆ ನಾಪತ್ತೆ. ಸರ್ವೀಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಯೂನಿಟ್‌ಗಳನ್ನು ಓದುವಾಗ ಆ ಡಿಸ್ಕ್ ಇನ್ನೂ ಮೌಂಟ್ ಆಗಿರುವುದಿಲ್ಲವಲ್ಲ (ತನ್ನ ಡೈರೆಕ್ಟರಿಗೆ ಜೋಡಣೆಯಾಗಿರುವುದಿಲ್ಲ). ಹಾಗಾಗಿ ಯೂನಿಟ್ ಫೈಲ್ ರೂಟ್‌ನಲ್ಲೇ ಇರಲಿ.

ಆಮೇಲೆ ಸ್ಲೀಪ್ 30, ಅಂದರೆ ಸರ್ವೀಸ್ ಶುರುವಾಗುವ ಮುಂಚೆ 30 ಸೆಕೆಂಡ್ ಕಾಯಿಸುವುದು. ಎಲ್ಲರೂ ಕೊಡುವ ಮದ್ದು ಇದೇ, ಅಲ್ವಾ? ನನ್ನ ಡಿಸ್ಕ್ ಒಮ್ಮೆ 10 ಸೆಕೆಂಡಿಗೆ ಬರುತ್ತದೆ, ಒಮ್ಮೆ 40 ದಾಟುತ್ತದೆ. ತಡವಾದ ದಿನ 203 ಎಕ್ಸೆಕ್ ಎರರ್ (ಪ್ರೋಗ್ರಾಂ ಫೈಲನ್ನು ಓಡಿಸಲಾಗಲಿಲ್ಲ ಅಂತ). ಅದಾದರೂ ಕಣ್ಣಿಗೆ ಕಾಣುತ್ತದೆ. ಡೇಟಾ ಮಾತ್ರ ಆ ಡಿಸ್ಕಿನಲ್ಲಿದ್ದ ಇನ್ನೊಂದು ಸರ್ವೀಸ್ ಖಾಲಿ ಡೈರೆಕ್ಟರಿಯಲ್ಲೇ ಬರೆಯುತ್ತಾ ಹೋಯಿತು. ಮೇಲೆ ಡಿಸ್ಕ್ ಮೌಂಟ್ ಆಗಿ ಅದೆಲ್ಲ ಮುಚ್ಚಿಹೋಯಿತು. ಡಿಎಫ್ (ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಕಮಾಂಡ್) ನೋಡಿದರೆ ರೂಟ್ ತುಂಬಿದೆ, ಫೈಲ್‌ಗಳ ಗಾತ್ರ ಎಣಿಸುವ ಡಿಯುಗೆ ಏನೂ ಸಿಗದು! ಈಗ ಅನ್‌ಮೌಂಟ್ ಮಾಡಿ, ಖಾಲಿ ಡೈರೆಕ್ಟರಿಗೆ ಚಾಟರ್ ಪ್ಲಸ್ ಐ (chattr +i, ಯಾರೂ ಬದಲಾಯಿಸದಂತೆ ಮಾಡುವ ಕಮಾಂಡ್) ಹಾಕಿ ಬೀಗ ಜಡಿದಿದ್ದೇನೆ. ರೂಟ್ ಯೂಸರ್ ಕೂಡ ಅಲ್ಲಿ ಬರೆಯಲಾರ, ಮೌಂಟ್‌ಗೆ ತೊಂದರೆಯಿಲ್ಲ.

ನಿಂತ ದಾರಿ ಇದು: ಯೂನಿಟ್ ಫೈಲಿನ ಯೂನಿಟ್ ವಿಭಾಗದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ (RequiresMountsFor=), ಮುಂದೆ ಆ ಡಿಸ್ಕಿನ ಪಾತ್. ರಿಕ್ವೈರ್ಸ್ (ಮೌಂಟ್ ಬೇಕೇ ಬೇಕು), ಆಫ್ಟರ್ (ಮೌಂಟ್ ಆದಮೇಲೆಯೇ ಶುರು) ಎರಡನ್ನೂ ಅದೇ ತರುತ್ತದೆ. ಇನ್‌ಸ್ಟಾಲ್ ವಿಭಾಗದಲ್ಲಿ ವಾಂಟೆಡ್‌ಬೈಗೆ (ಯಾವುದು ಎದ್ದಾಗ ಇದೂ ಏಳಬೇಕು ಎಂಬ ಸಾಲು) ಮಾಮೂಲಿ ಬೂಟ್ ಹಂತವಾದ ಮಲ್ಟಿಯೂಸರ್ ಬದಲು ಆ ಮೌಂಟ್ ಯೂನಿಟ್ಟಿನ (ಆ ಡಿಸ್ಕನ್ನು ಮೌಂಟ್ ಮಾಡುವ ಯೂನಿಟ್) ಹೆಸರು. ಬೂಟ್‌ನಲ್ಲಿ ಡಿಸ್ಕ್ ಕೈಕೊಟ್ಟರೂ, ಆಮೇಲೆ ಮೌಂಟ್ ಯೂನಿಟ್ ಶುರು ಮಾಡಿದರೆ ಸರ್ವೀಸೂ ಎದ್ದು ಕೂರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ನೋಫೇಲ್ (ಡಿಸ್ಕ್ ಬರದಿದ್ದರೂ ಬೂಟ್ ಮುಂದುವರಿಯಲಿ ಎಂಬ ಆಯ್ಕೆ) ಬೇಕೇ ಬೇಕು. ಇಲ್ಲದಿದ್ದರೆ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್; ಮಾನಿಟರ್ ಇಲ್ಲದ ಮೆಷಿನ್ನಿಗೆ ಕೀಬೋರ್ಡ್ ಹೊತ್ತುಕೊಂಡು ಹೋಗಬೇಕು. ಡಿವೈಸ್ ಟೈಮ್‌ಔಟನ್ನು (ಡಿಸ್ಕಿಗೆ ಕಾಯುವ ಸಮಯ) ಎರಡು ಮೂರು ನಿಮಿಷಕ್ಕೆ ಏರಿಸಿದೆ. ನೋಫೇಲ್ ಇರುವುದರಿಂದ ಉಳಿದ ಬೂಟ್ ಅದಕ್ಕೆ ಕಾಯುವುದಿಲ್ಲ.



ನಡುವೆ ಆಟೋಮೌಂಟ್ (ಡೈರೆಕ್ಟರಿಯನ್ನು ಯಾರಾದರೂ ಮುಟ್ಟಿದಾಗಲೇ ಮೌಂಟ್ ಮಾಡುವುದು) ಕೂಡ ನೋಡಿದೆ. ಬೂಟ್ ಬಲು ಚುರುಕು, ಆದರೆ ಡೇಟಾಬೇಸ್‌ನ ಮೊದಲ ಕ್ವೆರಿ ಡಿಸ್ಕ್ ಬರುವವರೆಗೆ ಕಾಯುತ್ತಾ ನಿಲ್ಲುತ್ತದೆ. ಬ್ಯಾಕಪ್ ಡಿಸ್ಕಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.