ವಿಷದ ಸುದ್ದಿ ಓದುವುದು ಹೇಗೆ?

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಧಾರವಾಡದ ಲೈನ್ ಬಜಾರ್‌ವರೆಗೆ, ಸಿಕ್ಕವರೆಲ್ಲ ನನ್ನನ್ನು ಕೇಳಿದ್ದು ಒಂದೇ ಮಾತು: ‘ಸರ, ಗೋಬಿ ತಿಂದ್ರ ಖರೇನ ಕ್ಯಾನ್ಸರ್ ಬರ್ತದೇನ್ರಿ?’

ನನ್ನ ಕಸುಬು ವಿಷವಿಜ್ಞಾನ. ಇಂಥ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳುವವರ ಮಾತಿಗೆ ತಲೆಯಾಡಿಸಬೇಡಿ ಎನ್ನುವುದು ನನ್ನ ಮೊದಲ ಸಲಹೆ. ವಿಷದ ಸುದ್ದಿಯಲ್ಲಿ ವಸ್ತುವಿನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಎಷ್ಟು ಪ್ರಮಾಣ, ಯಾರ ಮೈಯೊಳಗೆ, ಎಷ್ಟು ವರ್ಷ ಎಂಬುದು ಕೊನೆಯ ಪ್ಯಾರಾದಲ್ಲಿದ್ದರೆ ಪುಣ್ಯ. ಅದನ್ನು ಹುಡುಕಿ ಓದುವ ಕ್ರಮ ಇಲ್ಲಿದೆ.

ಹಂತ 1: ‘ಪತ್ತೆ’ ಎಂದಿದ್ದರೆ ಅಂಕಿ ಎಲ್ಲಿದೆ ನೋಡಿ

ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆ ಎಂದು ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯ 1538ರಲ್ಲೇ ಬರೆದಿದ್ದ. ಅವನ ಕಾಲಕ್ಕಿಲ್ಲದ ಪೇಚು ಈಗಿದೆ: ನಮ್ಮ ಯಂತ್ರಗಳು ವಿಪರೀತ ಚುರುಕಾಗಿವೆ. ಒಂದು ಕಿಲೋ ಎಲೆಕೋಸಿನಲ್ಲಿ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು ಕೀಟನಾಶಕವಿದ್ದರೂ ಹಿಡಿದು ತೋರಿಸುತ್ತವೆ. ಇದೇ ಒಂದು ಪಿಪಿಬಿ. ಪಿಪಿಎಂ ಅದರ ಸಾವಿರ ಪಟ್ಟು, ಅಂದರೆ ಕಿಲೋಗೆ ಒಂದು ಮಿಲಿಗ್ರಾಂ. ಸುದ್ದಿಯಲ್ಲಿ ಇವೆರಡು ಅದಲುಬದಲಾದರೆ ತಪ್ಪೂ ಸಾವಿರ ಪಟ್ಟು.

ಅಂಕಿ ಸಿಕ್ಕಿದ ಮೇಲೆ ‘ಮಿತಿಗಿಂತ ಹತ್ತು ಪಟ್ಟು’ ಎಂಬ ಮಾತಿಗೆ ಬನ್ನಿ. ಯಾವ ಮಿತಿ? ಒಂದು ಬೆಳೆಗೆ ಒಂದು ಕೀಟನಾಶಕದ ಮಿತಿಯನ್ನೇ ಗೊತ್ತುಮಾಡಿರದಿದ್ದರೆ ಭಾರತದಲ್ಲೂ ಐರೋಪ್ಯ ಒಕ್ಕೂಟದಲ್ಲೂ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಎಂಬ ಗೆರೆ ಹಿಡಿಯುತ್ತಾರೆ. ಅದು ಆಡಳಿತ ಎಳೆದ ಗೆರೆ. ಅದನ್ನು ದಾಟಿದ ಮೆಣಸಿನಕಾಯಿ ಲೋಡು ವಿದೇಶದ ಬಂದರಿನಿಂದ ವಾಪಸು ಬಂದೀತು, ಬ್ಯಾಡಗಿಯ ವ್ಯಾಪಾರಿಗೆ ಪೆಟ್ಟು ಬಿದ್ದೀತು. ಆ ಖಾರದ ಪುಡಿ ಉಂಡವರೆಲ್ಲ ಹಾಸಿಗೆ ಹಿಡಿಯುತ್ತಾರೆಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಆರೋಗ್ಯದ ಲೆಕ್ಕದ ಮಿತಿ ಬೇರೆಯೇ ಇದೆ. ಪ್ರಯೋಗದ ಪ್ರಾಣಿಗಳಲ್ಲಿ ಯಾವ ತೊಂದರೆಯೂ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ, ಮನುಷ್ಯ ಜೀವನಪೂರ್ತಿ ದಿನಾ ಇಷ್ಟು ತಿಂದರೂ ಅಡ್ಡಿಯಿಲ್ಲ ಎಂದು ನಿಗದಿ ಮಾಡುತ್ತಾರೆ. ಆಸ್ಪರ್ಟೇಮ್ ಎಂಬ ಸಿಹಿಕಾರಕದ ಗದ್ದಲ ನೆನಪಿರಬಹುದು. 2023ರ ಜುಲೈನಲ್ಲಿ ಅದಕ್ಕೆ ‘ಕ್ಯಾನ್ಸರ್ ತರುವ ಸಾಧ್ಯತೆ’ಯ ಹಣೆಪಟ್ಟಿ ಬಿತ್ತು. ಅದೇ ದಿನ ಇನ್ನೊಂದು ತಜ್ಞ ಸಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. 70 ಕಿಲೋ ತೂಕದವರು ಅದನ್ನು ದಾಟಬೇಕೆಂದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಸೋಡಾ ಕುಡಿಯಬೇಕು. ಮೊದಲನೆಯ ಸಂಗತಿ ಊರೆಲ್ಲ ಸುತ್ತಿತು, ಎರಡನೆಯದು ಮನೆಯಲ್ಲೇ ಉಳಿಯಿತು.

ಹಾಗಂತ ‘ಅಷ್ಟು ಸಣ್ಣ ಪ್ರಮಾಣಕ್ಕೆ ಏನಾಗತದ ಬಿಡ್ರಿ’ ಎನ್ನುವವರ ಪಕ್ಷವೂ ನನ್ನದಲ್ಲ. ಸೀಸ ಇದಕ್ಕೆ ಅಪವಾದ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅರಿಸಿನದ ಬಣ್ಣ ಏರಿಸಲು ಸೀಸದ ಕ್ರೋಮೇಟ್ ಬೆರೆಸಿದ್ದಾರೆಂಬ ಸುದ್ದಿ ಬಂದರೆ ಪ್ರಮಾಣ ಕೇಳುತ್ತ ಕೂಡಬೇಡಿ, ಆ ಪುಡಿ ಚೆಲ್ಲಿ.

ಹಂತ 2: ‘ಕ್ಯಾನ್ಸರ್‌ಕಾರಕ’ ಎಂದರೆ ಯಾವ ಗುಂಪು ಎಂದು ಕೇಳಿ

ಈ ಹಣೆಪಟ್ಟಿ ಹಚ್ಚುವುದು ಹೆಚ್ಚಾಗಿ ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಅದರ ಗುಂಪುಗಳು 1 (ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ), 2ಎ (ಬಹುಮಟ್ಟಿಗೆ ತರಬಹುದು), 2ಬಿ (ತರುವ ಸಾಧ್ಯತೆ ಇದೆ), 3 (ಹೇಳಲು ಪುರಾವೆ ಸಾಲದು). ಇವು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಹಾವು ವಿಷದ್ದೇ ಎಂಬ ಖಾತ್ರಿ ಬೇರೆ, ಅದು ನಿಮ್ಮ ಹಿತ್ತಲಿಗೆ ಬಂದಿದೆಯೇ ಎಂಬ ಮಾತು ಬೇರೆ.

ತಂಬಾಕು ಗುಂಪು 1ರಲ್ಲಿದೆ. ಸಂಸ್ಕರಿಸಿದ ಮಾಂಸವೂ 2015ರಿಂದ ಅದೇ ಗುಂಪಿನಲ್ಲಿದೆ. ಎರಡೂ ಸಮ ಎಂದಲ್ಲ. ದಿನಾ 50 ಗ್ರಾಂ ಅಂಥ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ 18 ಪ್ರತಿಶತ ಹೆಚ್ಚು ಎಂದರು. ಈ ಥರದ ಪ್ರತಿಶತ ಕಂಡಾಗ ‘ಎಷ್ಟಿದ್ದದ್ದು ಎಷ್ಟಾಯಿತು?’ ಎಂದು ಕೇಳುವುದನ್ನು ರೂಢಿಸಿಕೊಳ್ಳಿ. ಒಂದು ಕಾಯಿಲೆ ನೂರರಲ್ಲಿ ಐವರಿಗೆ ಬರುವುದಿದ್ದರೆ 18 ಪ್ರತಿಶತ ಏರಿದಾಗ ಹೆಚ್ಚುಕಡಿಮೆ ಆರು ಜನರಿಗೆ ಬರುತ್ತದೆ.

ಈಗ ಗೋಬಿ, ಮಿಠಾಯಿಯ ವಿಷಯ. ಎಲ್ಲ ಸುದ್ದಿಗಳೂ ಕ್ಯಾನ್ಸರ್ ಎಂದು ಕೂಗಿದ ರೋಡಮೈನ್-ಬಿ ಆ ಸಂಸ್ಥೆಯ ಪಟ್ಟಿಯಲ್ಲಿರುವುದು ಗುಂಪು 3ರಲ್ಲಿ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೋ ಇಲ್ಲವೋ ಎಂದು ವಿಂಗಡಿಸಲು ಪುರಾವೆ ಸಾಲದು. ಖಾರದ ಪುಡಿಗೆ ಕೆಂಪೇರಿಸಲು ಕಳ್ಳತನದಿಂದ ಬೆರೆಸುವ ಸುಡಾನ್-1 ಕೂಡ ಅಲ್ಲಿಯೇ ಇದೆ. ಹಾಗಾದರೆ ನಿಷೇಧ ತಪ್ಪೇ? ನನ್ನ ಪ್ರಕಾರ ನೂರಕ್ಕೆ ನೂರು ಸರಿ, ಆದರೆ ಕಾರಣ ಬೇರೆ. ಆಹಾರದ ಬಣ್ಣಕ್ಕೆ ಕಾನೂನು ಕೇಳುವುದು ‘ಕೆಡುಕೆಂದು ಸಾಬೀತಾಗಿದೆಯೇ’ ಎಂದಲ್ಲ, ‘ಸುರಕ್ಷಿತವೆಂದು ತೋರಿಸಿದ್ದೀರಾ’ ಎಂದು. ಹಾಗೆ ತೋರಿಸಿ ಪಟ್ಟಿ ಸೇರಿದ ಕೃತಕ ಬಣ್ಣಗಳು ನಮ್ಮ ದೇಶದಲ್ಲಿ ಎಂಟೇ ಎಂಟು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಅವುಗಳಲ್ಲಿ ಎರಡು. ಅವುಗಳಿಗೂ ಕೆಲವು ತಿನಿಸುಗಳಿಗೆ ಮಾತ್ರ, ಮಿತಿಯೊಳಗೆ ಅನುಮತಿ. ಗೋಬಿ ಆ ಸಾಲಿನಲ್ಲಿಲ್ಲ. ಬಟ್ಟೆಗೆ, ಕಾಗದಕ್ಕೆ ಹಾಕುವ ರೋಡಮೈನ್‌ಗಂತೂ ಯಾವ ತಿನಿಸಿನಲ್ಲೂ ಜಾಗವಿಲ್ಲ.

ಇದೇ ಹಂತದಲ್ಲಿ ನನಗೆ ಸಿಟ್ಟು ತರಿಸುವ ಒಂದು ಮಾತಿದೆ. ಅಡಿಕೆ ಗುಂಪು 1ರಲ್ಲಿದೆ. ತಂಬಾಕು ಸೇರಿಸದ ಎಲೆಯಡಿಕೆಯೂ ಅಲ್ಲಿಯೇ ಇದೆ, ಅದೂ 2004ರಿಂದ. ಸವಣೂರು ಎಲೆ ಪಾಪದ್ದು, ದೋಷ ಅಡಿಕೆಯದು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಬೇರೆ ಬೇರೆ ಮಾರಿದರು. ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ದವಡೆಯಲ್ಲಿ ಅದನ್ನು ಒತ್ತಿಟ್ಟುಕೊಂಡೇ ‘ಗೋಬಿಯೊಳಗ ಕ್ಯಾನ್ಸರ್ ಅದ ಅಂತ’ ಎಂದು ಕೇಳುವವರಿಗೆ ಏನು ಹೇಳುವುದು?

ಹಂತ 3: ಮಾದರಿ ಎಲ್ಲಿಂದ ಎತ್ತಿದ್ದು?

ನಿಷೇಧಕ್ಕೆ ಮುಂಚೆ ಗೋಬಿಯ 171 ಮಾದರಿ ಪರೀಕ್ಷಿಸಿದ್ದರು, 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತು. ಹಾಗೆಂದು ರಾಜ್ಯದ ಗೋಬಿ ಗಾಡಿಗಳಲ್ಲಿ 63 ಪ್ರತಿಶತ ಕೆಟ್ಟವು ಎನ್ನಲಾಗದು. ಅಧಿಕಾರಿಗಳು ಸಾಮಾನ್ಯವಾಗಿ ಮಾದರಿ ಎತ್ತುವುದು ಅನುಮಾನ ಬಂದಲ್ಲೇ.

ಹಂತ 4: ಎರಡು ಅಳತೆಗೋಲು ಇವೆಯೇ?

ಹುಬ್ಬಳ್ಳಿ–ಧಾರವಾಡ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಅಂದರೆ ಗಾಳಿ ಕೆಟ್ಟ ನಗರಗಳ, ಪಟ್ಟಿಯಲ್ಲಿದೆ. ಹುಬ್ಬಳ್ಳಿಯ ಧೂಳು ಕುಡಿದವರಿಗೆ ಅದರಲ್ಲಿ ಅಚ್ಚರಿಯೇನಿಲ್ಲ. ಆದರೆ ಒಂದೇ ದಿನ ಒಂದು ಪತ್ರಿಕೆ ‘ಗಾಳಿ ತೃಪ್ತಿಕರ’ ಎಂದೂ ಇನ್ನೊಂದು ‘ಮಿತಿಯ ಮೂರು ಪಟ್ಟು’ ಎಂದೂ ಬರೆದರೆ ಇಬ್ಬರೂ ಸರಿಯಿರಬಹುದು. ಪಿಎಂ 2.5 ಎಂಬ ಅತಿ ಸಣ್ಣ ಧೂಳಿನ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರ್‌ಗೆ 45 ಮೈಕ್ರೋಗ್ರಾಂ ಇವೆ ಎನ್ನಿ. ನಮ್ಮ ದೇಶದ ದಿನದ ಮಿತಿ 60, ಹಾಗಾಗಿ ತೃಪ್ತಿಕರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ 15, ಹಾಗಾಗಿ ಮೂರು ಪಟ್ಟು.

ಹಂತ 5: ಸುದ್ದಿ ಯಾರ ಬಗ್ಗೆ, ವಿಷ ಯಾರ ಮೈಗೆ?

ಕೀಟನಾಶಕದ ಸುದ್ದಿ ಬಹುಪಾಲು ತರಕಾರಿ ತಿನ್ನುವವರಿಗಾಗಿ ಬರೆದದ್ದು. ಎಲೆಕೋಸಿನ ಮೇಲೆ ಉಳಿದ ಅಂಶವನ್ನು ಮೈಕ್ರೋಗ್ರಾಂನಲ್ಲಿ ಎಣಿಸುತ್ತೇವೆ. ಅದೇ ಔಷಧ ನವಲಗುಂದ, ಅಣ್ಣಿಗೇರಿ ಕಡೆ ಕಡಲೆಗೋ ಹತ್ತಿಗೋ ‘ಎಣ್ಣಿ ಹೊಡೆಯುವ’ ಆಳಿನ ಬೆನ್ನ ಮೇಲೆ ಸೋರುವುದನ್ನು ಯಾರೂ ಎಣಿಸುವುದಿಲ್ಲ. ಬಕೆಟ್‌ನಲ್ಲಿ ಮೊಣಕೈವರೆಗೆ ಕೈಯದ್ದಿ ಕಲಸುತ್ತಾರೆ. ನಾಝಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದುತ್ತಾರೆ. ಪಂಪಿನ ಮುಚ್ಚಳ ಸಡಿಲಿದ್ದರೆ ಅಂಗಿ ತೊಯ್ದು ಮೈಗಂಟುತ್ತದೆ, ಅದೇ ಅಂಗಿಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಾರೆ. ಆರ್ಗನೋಫಾಸ್ಫೇಟ್ ಜಾತಿಯ ಔಷಧಗಳು ಚರ್ಮದ ಮೂಲಕವೇ ಒಳಗಿಳಿಯುತ್ತವೆ.

ಆದ್ದರಿಂದ ಇಂಥ ಸುದ್ದಿ ಓದಿದ ದಿನ ಹೊಲದ ಕೋಣೆಯಲ್ಲಿರುವ ಬಾಟಲಿ ತಿರುಗಿಸಿ ನೋಡಿ. ಲೇಬಲ್ಲಿನ ಮೇಲೆ ಚೌಕದಲ್ಲಿ ಬಣ್ಣದ ತ್ರಿಕೋನವಿರುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹೊಡೆಯುವಾಗ ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜು, ವಾಂತಿ ಶುರುವಾದರೆ ಮೊದಲು ಅಂಗಿ ಕಳಚಿ ಸಾಬೂನು ಹಚ್ಚಿ ಮೈ ತೊಳೆಯಿರಿ. ತೊಳೆಯುವವರು ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಮದ್ದು ಬೇಡವೇ ಬೇಡ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೋ ಲೇಬಲ್ಲನ್ನೋ ಜೊತೆಗೇ ಒಯ್ಯಿರಿ. ಯಾವ ಔಷಧ ಎಂದು ಗೊತ್ತಾದರೆ ವೈದ್ಯರ ಅರ್ಧ ಕೆಲಸ ಹಗುರ.

ಹಂತ 6: ದೂರದ ಸುದ್ದಿಯನ್ನು ನಿಮ್ಮ ಬೋರಿಗೆ ಹಚ್ಚಿ ನೋಡಿ

2024ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ಒಂದು ವರದಿ ಹೊರಡಿಸಿತು: ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ತಗ್ಗುವುದಕ್ಕೂ ನಂಟು ಕಾಣುತ್ತದೆ ಎಂದು, ಮಧ್ಯಮ ಮಟ್ಟದ ಖಾತ್ರಿಯೊಂದಿಗೆ. ಅಲ್ಲಿನ ಊರುಗಳು ಹಲ್ಲು ಹುಳುಕಾಗದಿರಲೆಂದು ನಲ್ಲಿ ನೀರಿಗೆ ತಾವೇ ಬೆರೆಸುವುದು 0.7 ಮಿಲಿಗ್ರಾಂ, ಆ ಮಟ್ಟದ ಬಗ್ಗೆ ಹೇಳಲು ಮಾಹಿತಿ ಸಾಲದು ಎಂದೂ ವರದಿಯಲ್ಲೇ ಇದೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಈ ಸುದ್ದಿ ‘ಟೂತ್‌ಪೇಸ್ಟ್ ವಿಷ’ ಆಗಿಬಿಟ್ಟಿತ್ತು. ಪೇಸ್ಟ್ ಬಿಟ್ಟು ಇದ್ದಿಲಿಗೆ ಮರಳಿದವರೂ ಇದ್ದಾರೆ.

ಗದಗ ಜಿಲ್ಲೆಯ ಮುಂಡರಗಿ ಭಾಗದ ಬೋರುಗಳಿಗೆ ಯಾರೂ ಫ್ಲೋರೈಡ್ ಹಾಕಬೇಕಿಲ್ಲ, ಕಲ್ಲಿನ ಖನಿಜದಿಂದ ತಾನೇ ಕರಗಿ ಬರುತ್ತದೆ. ಅಮೆರಿಕದವರು 0.7ರ ಮೇಲೆ ಕೋರ್ಟಿನಲ್ಲಿ ಜಗಳಾಡುವಾಗ, 1.5 ದಾಟಿದ ನೀರು ಕುಡಿಯುವ ನಮ್ಮವರಿಗೆ ಆ ವರದಿಯಲ್ಲಿರುವುದು ಅನುಮಾನದ ಭಾಗವಲ್ಲ, ಗಟ್ಟಿಯಾದ ಭಾಗ. ಹಲ್ಲಿನ ಕಂದು ಕಲೆ, ಬಗ್ಗದ ಬೆನ್ನು ಹೇಗೂ ಹಳೆಯ ಕಥೆ. ಮಗು ಪೇಸ್ಟ್ ನುಂಗದಂತೆ ನೋಡಿಕೊಂಡರೆ ಸಾಕು, ನೋಡಬೇಕಾದದ್ದು ಕೊಡ.

ಫ್ಲೋರೈಡಿಗೆ ರುಚಿ, ವಾಸನೆ, ಬಣ್ಣ ಇಲ್ಲ. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗುವುದಿಲ್ಲ. ಆರ್‌ಒ ಘಟಕದಲ್ಲಿ ಹೋಗುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸದೆ ದಾರಿಯಿಲ್ಲ. ಬೋರು ಐದಾರು ನಿಮಿಷ ಹರಿಯಲು ಬಿಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ತುಂಬಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಲ್ಲದು. ಊರು, ಬೋರಿನ ಗುರುತು, ತಾರೀಕು ಬರೆದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಜಲಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಲ್ಲಿ ಅವರು ಯಾರು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ವರದಿ ಬಂದಾಗ ಫ್ಲೋರೈಡ್ ಸಾಲಿನ ಅಂಕಿ 1ರೊಳಗಿದ್ದರೆ ನಿಶ್ಚಿಂತೆ. 1ರಿಂದ 1.5ರ ನಡುವೆ ಇದ್ದರೆ ಬೇರೆ ನೀರು ಸಿಗದಿದ್ದಾಗ ಮಾತ್ರ ನಡೆದೀತು ಎನ್ನುತ್ತದೆ ನಮ್ಮ ಮಾನಕ. 1.5 ದಾಟಿದ್ದರೆ ಆ ನೀರು ಬಟ್ಟೆ, ಪಾತ್ರೆ, ಜಳಕಕ್ಕೆ ಸರಿ. ಕುಡಿಯಲಿಕ್ಕೆ ನದಿ ನೀರೋ ಘಟಕದ ನೀರೋ ತರಬೇಕು. ಬೇಳೆ ಬೇಯಿಸುವ, ಚಹಾ ಕಾಸುವ ನೀರನ್ನೂ ಕುಡಿಯುವ ಲೆಕ್ಕಕ್ಕೇ ಹಿಡಿಯಿರಿ; ಘಟಕದಿಂದ ಎರಡು ಕ್ಯಾನ್ ತಂದು ಅಡುಗೆಗೆ ಬೋರಿನ ನೀರನ್ನೇ ಸುರಿಯುವ ಮನೆಗಳು ಬಹಳ. ಅದೇ ಕಾಗದದಲ್ಲಿ ನೈಟ್ರೇಟ್ ಸಾಲೂ ಇರುತ್ತದೆ. ಅದು 45 ದಾಟಿದ್ದರೆ ಹಸುಗೂಸಿನ ಹಾಲಿನ ಪುಡಿ ಕಲಸಲು ಆ ನೀರು ಬೇಡ, ಕುದಿಸಿ ಆರಿಸಿದ್ದಾದರೂ ಬೇಡ.